ಸಂದಿನ ಕತ್ತಲೆಗೆ ಎಷ್ಟು ಜಾಗ

ಆಷಾಢದ ಮೋಡ ಮುಚ್ಚಿದ ಮಧ್ಯಾಹ್ನ ರಸ್ತೆಯ ಮೇಲೆ ಯಾರ ನೆರಳೂ ಬಿದ್ದಿರುವುದಿಲ್ಲ. ಆದರೂ ನಿಂತ ಕಾರಿನ ಅಡಿ ಕಪ್ಪಾಗಿರುತ್ತದೆ, ಗೋಡೆ ನೆಲ ಕೂಡುವ ಮೂಲೆ ಮಬ್ಬಾಗಿರುತ್ತದೆ, ಎದುರಿಗೆ ಬರುವವರ ಗದ್ದದ ಕೆಳಗೆ ಮೆತ್ತನೆಯ ಕಪ್ಪೊಂದು ಇರುತ್ತದೆ. ಆಕಾಶದ ಎಲ್ಲ ಕಡೆಯಿಂದ ಇಳಿಯುವ ಬೆಳಕಿಗೆ ಆ ಜಾಗಗಳು ಪೂರ್ತಿ ತೆರೆದುಕೊಂಡಿಲ್ಲ, ಅಷ್ಟೆ. ತ್ರೀಡಿ ಕೆಲಸದಲ್ಲಿ ಇದನ್ನು ಆಂಬಿಯೆಂಟ್ ಅಕ್ಲೂಷನ್ ಅನ್ನುತ್ತೇವೆ, ಬಾಯಿಮಾತಿನಲ್ಲಿ ಎಓ. ಪಾತ್ರಗಳ ಮಾಡೆಲ್‌ಗೆ ಬೆಳಕು ಕೂರಿಸುವುದರಲ್ಲಿ ನಾನು ಕಲಿತದ್ದೆಲ್ಲ ಹೆಚ್ಚುಕಡಿಮೆ ಈ ಕತ್ತಲೆಯನ್ನು ನೆರಳಿನಿಂದ ಬೇರೆ ಮಾಡಿ ನೋಡುವುದರಿಂದಲೇ ಬಂದದ್ದು.

ಅದನ್ನು ಕಲಿಸಿದ್ದು ಒಂದು ಅಜ್ಜಿಯ ಪಾತ್ರ. ಕಂದು ಮೈ, ಸುಕ್ಕುಗಟ್ಟಿದ ಕೆನ್ನೆ, ಮೂಗುತಿ, ಬಿಳಿ ಹತ್ತಿ ಸೀರೆ. ಬಣ್ಣವಿಲ್ಲದ ಬೂದು ಕ್ಲೇ ರೆಂಡರ್‌ನಲ್ಲಿ, ಬರೀ ಎಓ ಹಚ್ಚಿದಾಗ, ಆ ಮುಖದ ಒಂದೊಂದು ಗೆರೆಯೂ ಮಾತಾಡುತ್ತಿತ್ತು. ಟೆಕ್ಸ್ಚರ್ ಮತ್ತು ದೀಪಗಳು ಬಂದ ಮೇಲೆ ಅದೇ ಗೆರೆಗಳು ಮಸಿ ಕೂತಂತೆ ಕಂಡವು. ನಮ್ಮ ಲೈಟಿಂಗ್ ಲೀಡ್ ಹೆಚ್ಚೇನೂ ಹೇಳಲಿಲ್ಲ. "ಎಓ ಪೂರ್ತಿ ಆಫ್ ಮಾಡಿ. ಕೀ ಲೈಟ್ ಒಂದನ್ನೇ ಇಟ್ಟು ತೋರಿಸಿ, ಆಮೇಲೆ ಮಾತಾಡೋಣ" ಅಂದರು.

ಎಓ ಹುಟ್ಟಿದ ಕಾರಣ ತಿಳಿದರೆ ಆ ಮಾತು ಅರ್ಥವಾಗುತ್ತದೆ. 2001ರ 'ಪರ್ಲ್ ಹಾರ್ಬರ್' ಚಿತ್ರಕ್ಕೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನವರು ಇದನ್ನು ಬಳಸಿದರು. ಮರುವರ್ಷ ಅಲ್ಲಿನ ಹೇಡನ್ ಲ್ಯಾಂಡಿಸ್ ಸಿಗ್ರಾಫ್ ಸಮ್ಮೇಳನದಲ್ಲಿ ವಿವರಿಸಿದರು. ಪುಟಿದು ಪುಟಿದು ಬರುವ ಬೆಳಕನ್ನೆಲ್ಲ ಲೆಕ್ಕ ಹಾಕುವುದು ಆಗ ಕೈಗೆಟುಕದ ಮಾತು. ಹಾಗಾಗಿ ಒಂದೊಂದು ಬಿಂದುವಿನಿಂದ ಆಕಾಶ ಎಷ್ಟು ಕಾಣುತ್ತದೆ ಎಂದು ಒಮ್ಮೆ ಅಳೆದು, ಕಪ್ಪುಬಿಳುಪು ಚಿತ್ರವಾಗಿ ಬೇಕ್ ಮಾಡಿಟ್ಟುಕೊಂಡರು. 2007ರಲ್ಲಿ 'ಕ್ರೈಸಿಸ್' ಆಟ ಅದನ್ನೇ ಪರದೆಯ ಮೇಲೆ ಆಡುತ್ತಿರುವಾಗಲೇ ಅಂದಾಜಿಸಿ ತೋರಿಸಿತು. ಇವತ್ತಿನ ಸೈಕಲ್ಸ್, ಆರ್ನಾಲ್ಡ್‌ನಂಥ ಪಾತ್ ಟ್ರೇಸಿಂಗ್ ರೆಂಡರರ್‌ಗಳು ಸಂದುಗೊಂದಿನ ಕತ್ತಲೆಯನ್ನು ಬೆಳಕಿನ ಲೆಕ್ಕದೊಳಗೇ ಹಿಡಿಯುತ್ತವೆ. ಅದರ ಮೇಲೆ ಎಓ ಚಿತ್ರವನ್ನು ಮಲ್ಟಿಪ್ಲೈ ಮಾಡಿದರೆ ಒಂದೇ ಕತ್ತಲೆಯನ್ನು ಎರಡು ಸಲ ವಸೂಲಿ ಮಾಡಿದ ಹಾಗೆ.

ಒಂದು ಸಣ್ಣ ಲೆಕ್ಕ ನನಗೆ ಬಹಳ ನೆರವಾಗಿದೆ. ಎತ್ತರದ ಗೋಡೆಯ ಬುಡದಲ್ಲಿ ನೆಲಕ್ಕೆ ಕಾಣುವುದು ಅರ್ಧ ಆಕಾಶ, ಅಂದರೆ ಎಓ ಬೆಲೆ 0.5; ಎರಡು ಗೋಡೆ ಸೇರುವ ಮೂಲೆಯಲ್ಲಿ 0.25. ಆದರೆ ಎದುರಿನ ಗೋಡೆಯೂ ಬೆಳಕನ್ನು ಹಿಂದಕ್ಕೆ ಕೊಡುತ್ತದೆ. ಬಿದ್ದ ಬೆಳಕಿನಲ್ಲಿ ಶೇ 80ರಷ್ಟನ್ನು ಮರಳಿಸುವ ಬಿಳಿ ಬಟ್ಟೆಯಾದರೆ, ಪುಟಿತವನ್ನೂ ಸೇರಿಸಿದ ಸರಳ ಅಂದಾಜಿನಲ್ಲಿ ಆ 0.5 ಸುಮಾರು 0.83ಕ್ಕೆ ಏರುತ್ತದೆ. ಬಿಳಿ ಸೀರೆಯ ನೆರಿಗೆ ನಿಜದಲ್ಲಿ ಅಷ್ಟು ಕಪ್ಪಾಗುವುದೇ ಇಲ್ಲ; ಎಓ ಚಿತ್ರವನ್ನು ಹಾಗೇ ಹಚ್ಚಿದರೆ ಸೀರೆ ಒಗೆಯದ ಸೀರೆಯಾಗುತ್ತದೆ. ಚರ್ಮದ್ದು ಇನ್ನೂ ಸೂಕ್ಷ್ಮ. ಅದು ಕೆಂಪನ್ನು ಹೆಚ್ಚು, ನೀಲಿಯನ್ನು ಕಡಿಮೆ ಮರಳಿಸುತ್ತದೆ. ಕೆಂಪು ಶೇ 50, ನೀಲಿ ಶೇ 20 ಎಂದಿಟ್ಟುಕೊಂಡರೆ ಅದೇ ಸಂದು ಕೆಂಪಿನಲ್ಲಿ 0.67, ನೀಲಿಯಲ್ಲಿ 0.56. ಮೂಗಿನ ಹೊಳ್ಳೆಯ ಪಕ್ಕ, ಕಿವಿಯ ಹಿಂದೆ ಕತ್ತಲೆಗೆ ಬೂದು ಬಣ್ಣ ಸಲ್ಲದು, ಬೆಚ್ಚನೆಯ ಕೆಂಪು ಬೇಕು ಎಂದು ಹಳೆಯ ಚಿತ್ರಕಾರರು ಕಣ್ಣಿನಿಂದಲೇ ಕಂಡುಕೊಂಡದ್ದು ಇದನ್ನೇ.

ಕಂದು, ಕಪ್ಪು ಮೈಬಣ್ಣದ ಪಾತ್ರಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕೆನಿಸುತ್ತದೆ, ಏಕೆಂದರೆ ನಾವು ಮಾಡುವ ಮುಖಗಳಲ್ಲಿ ಅವೇ ಹೆಚ್ಚು. ಮೆಲನಿನ್ ಚರ್ಮದೊಳಗೆ ಹೊಕ್ಕ ಬೆಳಕನ್ನು ಹೀರುತ್ತದೆ. ಚರ್ಮದ ಮೇಲ್ಮೈ ಹೊಳಪನ್ನು ಮುಟ್ಟುವುದಿಲ್ಲ. ನೇರ ನೋಟದಲ್ಲಿ ಆ ಹೊಳಪು ಯಾವ ಮೈಬಣ್ಣಕ್ಕೂ ಸುಮಾರು ಶೇ 3ರಷ್ಟೇ. ಒಳಗಿನಿಂದ ಮರಳುವ ಬೆಳಕು ಕಡಿಮೆಯಾದಷ್ಟೂ ಮುಖದ ಉಬ್ಬುತಗ್ಗನ್ನು ಹೇಳುವ ಹೊಣೆ ಈ ಹೊಳಪಿನ ಮೇಲೆ ಬೀಳುತ್ತದೆ. ರೆಂಡರ್ ಆದ ಚಿತ್ರದ ಮೇಲೆಯೇ ಎಓ ಎಳೆದರೆ ಹೊಳಪೂ ಸಾಯುತ್ತದೆ, ಮುಖ ಚಪ್ಪಟೆಯಾಗುತ್ತದೆ. ಅಜ್ಜಿಗೆ ಬೇಕಾಗಿದ್ದದ್ದು ಇನ್ನಷ್ಟು ಕತ್ತಲೆಯಲ್ಲ, ಪಕ್ಕಕ್ಕೆ ಕಿಟಕಿಯಷ್ಟು ಅಗಲದ ಒಂದು ಏರಿಯಾ ಲೈಟ್. ಅದರ ಹೊಳಪು ಕೆನ್ನೆಮೂಳೆಯ ಮೇಲೆ ಹರಿದಾಗ ಸುಕ್ಕುಗಳು ತಾವಾಗಿ ಎದ್ದು ಬಂದವು. ಹೊಳಪನ್ನು ತಡೆಯಬೇಕಾದದ್ದು ಮೂಗಿನ ಹೊಳ್ಳೆ, ತುಟಿಯ ಮೂಲೆ, ಕಿವಿಯ ಒಳಗು, ಇಷ್ಟು ಕಡೆ ಮಾತ್ರ.

ಅಲ್ಲಿಂದೀಚೆಗೆ ನಾನು ಎಓ ಮುಟ್ಟುವುದು ಕೊನೆಗೆ. ಮೊದಲು ಮುಖ್ಯ ದೀಪವಾದ ಕೀ, ಆಮೇಲೆ ನೆರಳನ್ನು ತುಂಬುವ ಫಿಲ್, ಆಮೇಲೆ ಅಂಚನ್ನು ಬೆಳಗುವ ರಿಮ್. ಫಿಲ್ ಎಷ್ಟಿದೆ ಎಂಬುದೇ ಎಓಗೆ ಎಷ್ಟು ಜಾಗ ಎಂದು ತೀರ್ಮಾನಿಸುತ್ತದೆ: ಸುತ್ತಲ ಬೆಳಕು ಹೆಚ್ಚಿದ್ದರೆ ಅದು ಕಾಣಬೇಕು, ಬಿರುಬಿಸಿಲಿನ ದೃಶ್ಯದಲ್ಲಿ ಬಿಸಿಲು ಬಿದ್ದ ಕೆನ್ನೆಯ ಮೇಲೆ ಅದಕ್ಕೆ ಕೆಲಸವೇ ಇಲ್ಲ. ಗೇಮ್ ಎಂಜಿನ್‌ಗೆ ಕಳಿಸುವ ಮಾಡೆಲ್‌ಗಾದರೆ ಎಓ ಬೇಕೇ ಬೇಕು, ಆದರೆ ಅದನ್ನು ಬಣ್ಣದ ಟೆಕ್ಸ್ಚರ್‌ನೊಳಗೆ ಕಲಸದೆ ಬೇರೆಯಾಗಿ ಕಳಿಸುತ್ತೇನೆ. ಮಾಡೆಲ್‌ಗಳನ್ನು ಸಾಗಿಸುವ ಜಿಎಲ್‌ಟಿಎಫ್ ಫೈಲಿನ ನಿಯಮಾವಳಿಯಲ್ಲಂತೂ ಇದು ಸ್ಪಷ್ಟವಾಗಿಯೇ ಇದೆ: ಎಓ ಕೆಂಪು ಚಾನೆಲ್‌ನಲ್ಲಿ ಕೂರುತ್ತದೆ, ಸುತ್ತಲ ಬೆಳಕನ್ನು ಮಾತ್ರ ತಗ್ಗಿಸುತ್ತದೆ, ನೇರ ದೀಪವನ್ನು ಮುಟ್ಟುವುದಿಲ್ಲ. ಬ್ಲೆಂಡರ್‌ನಲ್ಲಿ ಆ ಚಿತ್ರವನ್ನು ನಾನ್-ಕಲರ್, ಅಂದರೆ ಬಣ್ಣವಲ್ಲದ ಬರೀ ಅಂಕಿ, ಎಂದೇ ಓದಿಸಬೇಕು. ಎಸ್‌ಆರ್‌ಜಿಬಿ ಎಂದು ಓದಿದರೆ 0.5 ಇದ್ದದ್ದು 0.21ಕ್ಕೆ ಕುಸಿಯುತ್ತದೆ.

ಪಾತ್ರ ಚಲಿಸುತ್ತದೆ ಎಂಬುದು ಇನ್ನೊಂದು ವಿಷಯ. ಕೈ ಇಳಿಬಿಟ್ಟು ಬೇಕ್ ಮಾಡಿದ ಕಂಕುಳ ಕಪ್ಪು, ಕೈ ಎತ್ತಿದಾಗಲೂ ಕಲೆಯಾಗಿ ಉಳಿಯುತ್ತದೆ. ಬಾಯಿ ಮುಚ್ಚಿ ಬೇಕ್ ಮಾಡಿದರೆ ಅಜ್ಜಿ ನಕ್ಕಾಗ ತುಟಿಯ ಒಳಅಂಚು ಇದ್ದಿಲಿನಂತೆ ಕಾಣುತ್ತದೆ. ಅದಕ್ಕೇ ಈಗ ತೋಳು ಅಗಲಿಸಿ, ದವಡೆ ಸ್ವಲ್ಪ ಇಳಿಸಿ ಬೇಕ್ ಮಾಡುತ್ತೇನೆ. ಹಲ್ಲು, ನಾಲಗೆಗಳನ್ನು ಬೇರೆಯಾಗಿ. ಕಣ್ಣುಗುಡ್ಡೆಯ ಮೇಲೆ ಮೇಲ್ರೆಪ್ಪೆ ಬೀಳಿಸುವ ಕಪ್ಪಿಗೆ ಮಾತ್ರ ಎಂಜಿನ್ನಿನಲ್ಲಿ ಧಾರಾಳವಾಗಿ ಎಓ ಕೊಡುತ್ತೇನೆ. ಅದಿಲ್ಲದಿದ್ದರೆ ಕಣ್ಣಿನ ಬಿಳಿ ಇಡಿಯಾಗಿ ಹೊಳೆದು ಕಣ್ಣು ಮುಖಕ್ಕೆ ಅಂಟಿಸಿದಂತೆ ನಿಲ್ಲುತ್ತದೆ, ಅದನ್ನು ಯಾವ ದೀಪವನ್ನು ಸರಿಸಿಯೂ ಸರಿಪಡಿಸಲಾಗದು.