ಹೊರಡದ ವಾಹನ: ದೋಷವನ್ನು ಅರಿಯುವ ಬಗೆ

ಅಪರಾತ್ರಿಯಲ್ಲಿ ಮನೆಯ ಹಿರಿಯರೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗಲೇ ಕಾರು ಹೊರಡದಿದ್ದರೆ ಮನೆಮಂದಿಗೆಲ್ಲ ಕಳವಳವಾಗುವುದು ಸಹಜ. ಅನೇಕ ವೇಳೆ ದೋಷವಿರುವುದು ಎಂಜಿನ್ನಿನಲ್ಲಲ್ಲ, ವಿದ್ಯುತ್ ವ್ಯವಸ್ಥೆಯಲ್ಲಿ. ವೈದ್ಯರು ರೋಗಿಯನ್ನು ಪರೀಕ್ಷಿಸುವಂತೆ ಕ್ರಮವಾಗಿ ನೋಡುತ್ತ ಹೋದರೆ ಅದರ ಮೂಲವನ್ನು ಕಂಡುಕೊಳ್ಳಬಹುದು.

ವ್ಯವಸ್ಥೆಯ ಸ್ವರೂಪ

ಕಾರಿನ ಬ್ಯಾಟರಿಯಲ್ಲಿ ಸುಮಾರು 2 ವೋಲ್ಟಿನ 6 ಕೋಶಗಳಿರುತ್ತವೆ. ಪೂರ್ಣವಾಗಿ ಚಾರ್ಜ್ ಆದ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ನನ್ನು ಮೊದಲು ತಿರುಗಿಸುವ ಸ್ಟಾರ್ಟರಿಗೆ ಶಕ್ತಿಯನ್ನು ಒದಗಿಸುವುದು ಇದೇ. ಎಂಜಿನ್ ಓಡತೊಡಗಿದ ಮೇಲೆ ಆಲ್ಟರ್ನೇಟರ್ ದೀಪಾದಿಗಳಿಗೆ ವಿದ್ಯುತ್ತನ್ನು ಕೊಟ್ಟು ಬ್ಯಾಟರಿಯನ್ನೂ ತುಂಬುತ್ತದೆ.

ಪರೀಕ್ಷೆಯ ಕ್ರಮ

ಹೆಡ್‌ಲೈಟ್ ಹಾಕಿ ಕೀಲಿಯನ್ನು ತಿರುಗಿಸಬೇಕು.

1. ದೀಪ ತೀರ ಮಂಕಾಗಿ 'ಟಕ ಟಕ' ಸದ್ದಾದರೆ ಬ್ಯಾಟರಿ ಬರಿದಾಗಿದೆ, ಇಲ್ಲವೆ ಅದರ ಟರ್ಮಿನಲ್ ಸಡಿಲವಾಗಿದೆ.

2. ದೀಪದ ಬೆಳಕು ಕುಗ್ಗದೆ ಎಂಜಿನ್ ಮಾತ್ರ ತಿರುಗದಿದ್ದರೆ ಸ್ಟಾರ್ಟರ್, ರಿಲೇ ಅಥವಾ ತಂತಿಗಳನ್ನು ಶಂಕಿಸಬೇಕು.

3. ಹಾರ್ನಿನಂತಹ ಒಂದೇ ಉಪಕರಣ ಕೆಟ್ಟಿದ್ದರೆ ಮೊದಲು ಅದರ ಫ್ಯೂಸನ್ನು ನೋಡಬೇಕು. ಸುಟ್ಟ ಫ್ಯೂಸಿಗೆ ಬದಲಾಗಿ ಅಷ್ಟೇ ಆಂಪಿಯರಿನದನ್ನು ಹಾಕಬೇಕಲ್ಲದೆ ತಾಮ್ರದ ತಂತಿಯನ್ನು ಸುತ್ತಕೂಡದು. ಅದರಿಂದ ಬೆಂಕಿ ಹೊತ್ತಿಕೊಳ್ಳುವ ಅಪಾಯವುಂಟು.

4. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. 12.6ಕ್ಕಿಂತ ಮೇಲೇರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟು ಕೆಟ್ಟಿರಬಹುದು. ಇದನ್ನು ನೋಡದೆ ಹೊಸ ಬ್ಯಾಟರಿಯನ್ನು ಕೊಂಡರೆ ಅದೂ ಬೇಗನೆ ಬರಿದಾಗುತ್ತದೆ.

ಚೆನ್ನೈಯ ಹವೆ

ಬಿಸಿಲಿನ ತಾಪದಿಂದ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಬೆಸಂಟ್ ನಗರ, ತಿರುವಾನ್ಮಿಯೂರುಗಳಂತಹ ಕಡಲಂಚಿನ ಬಡಾವಣೆಗಳಲ್ಲಿ ಉಪ್ಪುಗಾಳಿಯಿಂದ ಲೋಹ ಬೇಗ ಕಿಲುಬು ಹಿಡಿಯುತ್ತದೆ. ಟರ್ಮಿನಲ್ಲಿನ ಮೇಲೆ ಬೆಳೆದ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು ಒರಸಬೇಕು. ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಜೋಡಿಸಬೇಕು.

2015ರ ಡಿಸೆಂಬರಿನ ನೆರೆಯಲ್ಲಿಯೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಮಳೆಯಲ್ಲಿಯೂ ನಗರದ ಅಸಂಖ್ಯ ವಾಹನಗಳು ಮುಳುಗಿದುವು. ಹಾಗೆ ಮುಳುಗಿದ ಕಾರಿನ ಕೀಲಿಯನ್ನು ಎಂದಿಗೂ ತಿರುಗಿಸಬಾರದು. ಎಂಜಿನ್ನಿಗೆ ನೀರು ಹೊಕ್ಕಿದ್ದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಒದ್ದೆಯಾದ ತಂತಿಗಳಲ್ಲಿ ಶಾರ್ಟ್ ಆಗಬಹುದು. ವಾಹನವನ್ನು ಎಳೆಸಿಕೊಂಡು ಹೋಗಿ ಪರೀಕ್ಷಿಸುವುದೇ ಲೇಸು. ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣಾಪಾಯಕರ ವೋಲ್ಟೇಜ್ ಇರುವುದರಿಂದ ಅವನ್ನು ಮುಟ್ಟಲೇಬಾರದು.

ದೇಹದ ರಕ್ಷಣೆ

ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಅದರ ಬಳಿ ಬೀಡಿ, ಬೆಂಕಿಕಡ್ಡಿಗಳು ಕೂಡದು. ಒಳಗಿರುವುದು ಗಂಧಕಾಮ್ಲದ ದ್ರಾವಣ. ಅದು ಕಣ್ಣಿಗೆ ಸಿಡಿದರೆ ಉಜ್ಜದೆ, ಕನಿಷ್ಠ 20 ನಿಮಿಷ ಶುದ್ಧ ನೀರನ್ನು ಹರಿಯಬಿಟ್ಟು ತೊಳೆದು, ತಡಮಾಡದೆ ನೇತ್ರವೈದ್ಯರ ಬಳಿಗೆ ಹೋಗಬೇಕು. ಕೆಟ್ಟ ಬ್ಯಾಟರಿಯನ್ನು ಮತ್ತೆ ಕೊಳ್ಳಬಹುದು, ಕಣ್ಣನ್ನು ಕೊಳ್ಳಲಾಗದು.