ಕಾರಿಗೆ ನೈಟ್ರಸ್: ಬಾಟಲಿಯ ಬೆಲೆ ಮತ್ತು ಉಳಿದ ಖರ್ಚು

ನೈಟ್ರಸ್ ಆಕ್ಸೈಡ್ ಇಂಧನವಲ್ಲ. ಎಂಜಿನ್ನಿನಲ್ಲಿ ಹೆಚ್ಚು ಪೆಟ್ರೋಲ್ ಉರಿಯಲು ಬೇಕಾದ ಆಮ್ಲಜನಕವನ್ನು ಹೊತ್ತು ತರುವ ಅನಿಲ ಅದು. ಗಾಳಿಯ ತೂಕದಲ್ಲಿ ಆಮ್ಲಜನಕದ ಪಾಲು ಶೇ 23ರಷ್ಟಿದ್ದರೆ ನೈಟ್ರಸ್‌ನಲ್ಲಿ ಶೇ 36. ಎಂಜಿನ್ ಸಿಲಿಂಡರಿನ ಶಾಖಕ್ಕೆ ಅಣು ಒಡೆದು ಆ ಆಮ್ಲಜನಕ ಬಿಡುಗಡೆಯಾಗುತ್ತದೆ. ಬಾಟಲಿಯಲ್ಲಿ ದ್ರವವಾಗಿರುವ ನೈಟ್ರಸ್ ಆವಿಯಾಗುವಾಗ ಒಳಬರುವ ಗಾಳಿ ತಣ್ಣಗಾಗಿ ಸಾಂದ್ರವಾಗುವುದು ಮತ್ತೊಂದು ಲಾಭ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ತೆಳು ಗಾಳಿಯ ಎತ್ತರದಲ್ಲಿ ಹಾರುವ ಯುದ್ಧವಿಮಾನಗಳಿಗೆ ಜಿಎಂ-1 ಎಂಬ ಹೆಸರಿನಲ್ಲಿ ಇದನ್ನೇ ಅಳವಡಿಸಿತ್ತು. ಹುಡುಗರ ಬಾಯಲ್ಲಿ ಅದು ‘ನಾಸ್’ ಆದದ್ದು 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಸಿನಿಮಾದ ನಂತರ.

ಕಾರಿಗೆ ಕೂರಿಸುವ ನೈಟ್ರಸ್ ಕಿಟ್‌ನಲ್ಲಿ ಬಾಟಲಿ, ಪೈಪು, ಸೊಲೆನಾಯ್ಡ್ ವಾಲ್ವ್, ನಾಜಲ್ ಮತ್ತು ಸ್ವಿಚ್ ಇರುತ್ತವೆ. ಡ್ರೈ ಪದ್ಧತಿಯಲ್ಲಿ ನಾಜಲ್‌ನಿಂದ ನೈಟ್ರಸ್ ಮಾತ್ರ ಒಳಹೋಗುತ್ತದೆ, ಹೆಚ್ಚುವರಿ ಪೆಟ್ರೋಲನ್ನು ಕಾರಿನ ಇಂಜೆಕ್ಟರ್‌ಗಳೇ ಕೊಡಬೇಕು. ವೆಟ್ ಪದ್ಧತಿಯಲ್ಲಿ ಎರಡೂ ಒಟ್ಟಿಗೆ ಹೋಗುತ್ತವೆ. ಶಕ್ತಿಯನ್ನು ‘ಶಾಟ್’ ಲೆಕ್ಕದಲ್ಲಿ ಹೇಳುವುದು ರೂಢಿ. 50 ಶಾಟ್ ಎಂದರೆ 50 ಅಶ್ವಶಕ್ತಿ ಹೆಚ್ಚು.

ಈ ಅಂಕಣಕಾರರು ತಮ್ಮ 1.5 ಲೀಟರಿನ ಹಳೆಯ ಪೆಟ್ರೋಲ್ ಸೆಡಾನ್‌ಗಾಗಿ ಒಮ್ಮೆ ಖರ್ಚಿನ ಪಟ್ಟಿ ಬರೆದಿದ್ದರು. ಮೊದಲ ಸಾಲಿನಲ್ಲಿ ಹೊರದೇಶದಿಂದ ತರಿಸುವ ಕಿಟ್, ಎರಡನೆಯದರಲ್ಲಿ ಕಸ್ಟಮ್ಸ್ ಸುಂಕ. ಅದರ ಕೆಳಗೆ ಬಾಟಲಿ ತುಂಬಿಸುವ ಖರ್ಚು, ತಂಪು ಶ್ರೇಣಿಯ ಸ್ಪಾರ್ಕ್ ಪ್ಲಗ್, ಹೆಚ್ಚು ಆಕ್ಟೇನಿನ ಪೆಟ್ರೋಲ್, ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಹೊಂದಿಸಲು ಟ್ಯೂನಿಂಗ್, ಬಲವಾದ ಫ್ಯುಯಲ್ ಪಂಪ್, ಕ್ಲಚ್ ಎಂದು ಪಟ್ಟಿ ಬೆಳೆಯಿತು. ಕಿಟ್‌ನ ಬೆಲೆ ಒಂದೇ ಸಲದ್ದು, ಅನಿಲದ ಖರ್ಚು ಹಾಗಲ್ಲ. 10 ಪೌಂಡಿನ, ಅಂದರೆ ಸುಮಾರು ನಾಲ್ಕೂವರೆ ಕೆ.ಜಿ.ಯ ಬಾಟಲಿ 100 ಶಾಟ್‌ನಲ್ಲಿ ಅಂದಾಜು ಒಂದೂವರೆ ನಿಮಿಷ, 50 ಶಾಟ್‌ನಲ್ಲಿ ಮೂರು ನಿಮಿಷ ಬಾಳುತ್ತದೆ. ಒತ್ತಡ ಇಳಿದಂತೆ ಕೊನೆಯ ಭಾಗ ಕೆಲಸಕ್ಕೆ ಬಾರದು. ತಿಂಗಳ ಪೆಟ್ರೋಲ್ ಖರ್ಚಿನ ಪಕ್ಕದಲ್ಲಿ ಈ ಮೂರು ನಿಮಿಷವನ್ನು ಬರೆದ ಮೇಲೆ ಆ ಪಟ್ಟಿ ಮುಂದುವರಿಯಲಿಲ್ಲ.

ಬಾಟಲಿಯನ್ನೂ ಎಲ್ಲೆಂದರಲ್ಲಿ ತುಂಬಿಸುವಂತಿಲ್ಲ. ಇಂಥ ಸಿಲಿಂಡರುಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಅವುಗಳ ಮೇಲ್ವಿಚಾರಕ ಸಂಸ್ಥೆ. ಆಸ್ಪತ್ರೆಯ ನೈಟ್ರಸ್ ರೋಗಿಗಳಿಗೆ ಮೀಸಲು. ಅಲ್ಲಿಂದ ‘ವ್ಯವಸ್ಥೆ ಮಾಡಿಕೊಡುತ್ತೇನೆ’ ಎನ್ನುವವರ ಮಾತನ್ನು ಕೇಳಲೇಬಾರದು.

ಕರಾವಳಿಯ ಸೆಕೆಯ ವಿಚಾರ ಬಹಳ ಜನರ ಗಮನಕ್ಕೆ ಬರುವುದಿಲ್ಲ. ನೈಟ್ರಸ್‌ನ ಸಂದಿಗ್ಧ ತಾಪಮಾನ 36.4 ಡಿಗ್ರಿ ಸೆಲ್ಸಿಯಸ್. ಅದರಾಚೆ ಬಾಟಲಿಯಲ್ಲಿ ದ್ರವವೆಂಬುದೇ ಉಳಿಯುವುದಿಲ್ಲ, ಒತ್ತಡ ಸರಸರನೆ ಏರುತ್ತದೆ. ಏಪ್ರಿಲ್‌ನ ಮಧ್ಯಾಹ್ನ ಮರವಂತೆಯ ದಡದಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿ ಈ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಆಗ ಸುರಕ್ಷತಾ ಡಿಸ್ಕ್ ಒಡೆದು ಅನಿಲವೆಲ್ಲ ಹೊರಬಿದ್ದರೆ ಹಣದ ನಷ್ಟ; ಮುಚ್ಚಿದ ಕಾರಿನೊಳಗೆ ಜನರಿದ್ದರೆ ಉಸಿರಿಗೇ ಕುತ್ತು. ಹೊರಗೆ ಬಿಡುವ ಕೊಳವೆ ಇಲ್ಲದ ಅಳವಡಿಕೆಯನ್ನು ಒಪ್ಪಬಾರದು.

ಎಂಜಿನ್ ಹಾಳಾಗುವ ಬಗೆ ಸರಳ. ನೈಟ್ರಸ್ ಬಂದು, ತಕ್ಕಷ್ಟು ಪೆಟ್ರೋಲ್ ಬರದಿದ್ದರೆ ಮಿಶ್ರಣ ಬಡವಾಗುತ್ತದೆ, ಶಾಖ ಮಿತಿಮೀರುತ್ತದೆ, ನಾಕಿಂಗ್ ಶುರುವಾಗುತ್ತದೆ. ಕೋಟೇಶ್ವರದ ಗ್ಯಾರೇಜೊಂದರ ಬೆಂಚಿನ ಮೇಲೆ ಅಂಥ ಒಂದು ಪಿಸ್ಟನ್ ಇತ್ತು. ನಡುಭಾಗ ನುಣುಪಾಗಿಯೇ ಉಳಿದು, ಎಕ್ಸಾಸ್ಟ್ ಬದಿಯ ಅಂಚು ಕರಗಿ, ಮೇಲಿನ ರಿಂಗ್ ತನ್ನ ತೋಡಿನಲ್ಲಿಯೇ ಅಂಟಿಹೋಗಿತ್ತು. ಆಮೇಲೆ ಹೆಡ್ ಇಳಿಸಬೇಕು, ಬ್ಲಾಕ್ ಬೋರ್ ಮಾಡಿಸಬೇಕು, ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಎಲ್ಲ ಹೊಸದು. ಹಳೆಯ ಕಾರಾದರೆ ಈ ಬಿಲ್ಲು ಅದರ ಮಾರಾಟ ಬೆಲೆಗೇ ಸಮೀಪಿಸುತ್ತದೆ. ವಾರಂಟಿಯಿರುವ ಹೊಸ ಕಾರಾದರೆ ಆ ರಕ್ಷಣೆ ಕಿಟ್ ಕೂರಿಸಿದ ದಿನವೇ ಕೈತಪ್ಪುತ್ತದೆ.

ಕಾನೂನು ಸ್ಪಷ್ಟವಾಗಿದೆ. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಟನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಮಾಲೀಕರಿಗೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸುತ್ತದೆ. ದಂಡಕ್ಕಿಂತ ದೊಡ್ಡ ಹೊರೆ ವಿಮೆಯದು. ತಿಳಿಸದ ಮಾರ್ಪಾಟು ಸರ್ವೇಯರ್ ಕಣ್ಣಿಗೆ ಬಿದ್ದರೆ ಕ್ಲೇಮ್ ತಿರಸ್ಕರಿಸಲು ಕಾರಣ ಸಿಕ್ಕಂತೆ. ವರ್ಷವರ್ಷ ಕಟ್ಟಿದ ಪ್ರೀಮಿಯಂ ಅಲ್ಲಿಗೆ ವ್ಯರ್ಥ.

ಇನ್ನು ಬಳಸುವುದೆಲ್ಲಿ? ಬ್ರಹ್ಮಾವರದಿಂದ ಬೈಂದೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದರೂ ಕಾರಿಗೆ ಕೇಂದ್ರದ ಗರಿಷ್ಠ ಮಿತಿ ಗಂಟೆಗೆ 100 ಕಿ.ಮೀ. ಸರ್ವಿಸ್ ರಸ್ತೆಯಿಂದ ನುಗ್ಗುವ ಸ್ಕೂಟರು, ಡಿವೈಡರ್ ದಾಟುವ ದನ, ಶಾಲೆಯ ಮಕ್ಕಳು ಎಲ್ಲರೂ ಇರುವ ರಸ್ತೆಯಿದು. ಇಲ್ಲಿ ಆ ಸ್ವಿಚ್ ಒತ್ತುವುದು ಬೇರೆಯವರ ಜೀವದೊಂದಿಗೆ ಆಡುವ ಜೂಜು. ನ್ಯಾಯವಾಗಿ ವೇಗ ನೋಡಲು ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೆ ಅಥವಾ ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೆ ಹೋಗಬೇಕು. ಒಳ್ಳೆಯ ಟೈರು, ಬ್ರೇಕ್ ಪ್ಯಾಡ್ ಹಾಕಿಸಿ ಅಲ್ಲಿಗೆ ಹೋಗಿಬರುವ ಖರ್ಚೇ ಈ ಹಣಕ್ಕೆ ಹೆಚ್ಚು ಬೆಲೆ ತರುತ್ತದೆ.

ಬೆಂಗಳೂರು, ಮುಂಬೈಗಳಿಂದ ಊರಿಗೆ ಬರುವ ಸೆಕೆಂಡ್ ಹ್ಯಾಂಡ್ ವೇಗದ ಕಾರು ಕೊಳ್ಳುವವರು ಮುಂಗಡ ಕೊಡುವ ಮೊದಲು ಡಿಕ್ಕಿಯ ಮ್ಯಾಟ್ ಎತ್ತಿ ಬೋಲ್ಟಿನ ತೂತುಗಳನ್ನು ಹುಡುಕಬೇಕು. ಇನ್‌ಟೇಕ್ ಪೈಪಿನಲ್ಲಿ ಮುಚ್ಚಿದ ನಾಜಲ್ ರಂಧ್ರ, ಅಡಿಭಾಗದಲ್ಲಿ ಹಾದುಹೋದ ಪೈಪಿನ ಕ್ಲಿಪ್ಪು, ಡ್ಯಾಶ್‌ಬೋರ್ಡಿನ ಕೆಳಗೆ ಅನಾಥ ವೈರು ಕಂಡರೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಒಂದರ ಅಂಕಿ ಉಳಿದವುಗಳಿಗಿಂತ ಎದ್ದು ಕಾಣುವಂತೆ ಕಡಿಮೆಯಿದ್ದರೆ ಎಂಜಿನ್ ಕೆಲಸದ ಪೂರ್ತಿ ಮೊತ್ತವನ್ನು ಮಾರುವವರ ಬೆಲೆಯಲ್ಲೇ ಕಳೆಯಬೇಕು.