ಶ್ರೀಗಂಧದ ಎಣ್ಣೆ: ವಿಜ್ಞಾನ, ಕಾರ್ಖಾನೆ ಮತ್ತು ಕಾನೂನು

ಉತ್ತಮ ತಂತ್ರಜ್ಞಾನವೊಂದು ಕೈಗೆ ಬಂದರೆ ಉದ್ಯಮ ತಾನಾಗಿಯೇ ಬೆಳೆಯುತ್ತದೆ ಎಂಬ ನಂಬಿಕೆ ವ್ಯಾಪಾರಿ ವಲಯದಲ್ಲಿ ಸಾಮಾನ್ಯವಾಗಿದೆ. ಮೈಸೂರು ಶ್ರೀಗಂಧದ ಎಣ್ಣೆಯ ಚರಿತ್ರೆ ಈ ನಂಬಿಕೆಯನ್ನು ಅರ್ಧದಷ್ಟು ಮಾತ್ರ ಸಮರ್ಥಿಸುತ್ತದೆ.

1914ಕ್ಕೆ ಮುನ್ನ ಮೈಸೂರು ಸಂಸ್ಥಾನವು ಗಂಧದ ಕೊರಡುಗಳನ್ನು ಹರಾಜಿನಲ್ಲಿ ಮಾರುತ್ತಿತ್ತು. ಅದರ ಬಹುಪಾಲು ಯುರೋಪಿಗೆ, ವಿಶೇಷವಾಗಿ ಜರ್ಮನಿಗೆ, ಸಾಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಸುಗಂಧ ದ್ರವ್ಯಕ್ಕಷ್ಟೇ ಅಲ್ಲದೆ ಗೊನೋರಿಯಾ ರೋಗದ ಔಷಧಿಗೂ ಆ ಎಣ್ಣೆ ಬಳಕೆಯಲ್ಲಿತ್ತು. ಮೊದಲನೆಯ ಮಹಾಯುದ್ಧ ಆರಂಭವಾದೊಡನೆ ಈ ಮಾರುಕಟ್ಟೆ ಮುಚ್ಚಿತು. ಆಗ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಆಲ್ಫ್ರೆಡ್ ಚಾಟರ್ಟನ್ ಈ ಕೆಲಸವನ್ನು ಕೈಗೆತ್ತಿಕೊಂಡರು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ತೆಗೆಯುವ ವಿಧಾನವನ್ನು ಪರಿಶೋಧಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಕಾರ್ಖಾನೆಗಳು ಆರಂಭವಾದವು. (ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿದ್ದೂ 1916ರಲ್ಲಿಯೇ.) ಬಟ್ಟಿ ಇಳಿಸುವ ವಿದ್ಯೆ ಹೊಸದೇನೂ ಆಗಿರಲಿಲ್ಲ. ಅದನ್ನು ಇಲ್ಲಿಗೆ ತಂದದ್ದು ಯುದ್ಧದ ಒತ್ತಡ.

ಮುಂದೆ 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಔಷಧಿಯ ಬೇಡಿಕೆ ಕರಗಿತು. ಸುಗಂಧ ಮತ್ತು ಸಾಬೂನೇ ಈ ಎಣ್ಣೆಗೆ ಆಸರೆಯಾದವು.

ಎಣ್ಣೆ ಇರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗನ್ನು ಪುಡಿಮಾಡಿ ಅದರ ಮೂಲಕ ಹಬೆ ಹಾಯಿಸಿ, ಆವಿಯನ್ನು ತಣಿಸಿದರೆ ಎಣ್ಣೆಯು ನೀರಿನಿಂದ ಬೇರ್ಪಡುತ್ತದೆ. ಅದರ ಬೆಲೆಯನ್ನು ನಿರ್ಧರಿಸುವುದು ಮುಖ್ಯವಾಗಿ ಸ್ಯಾಂಟಲಾಲ್ ಅಂಶ. ಎಳೆಯ ಮರದಲ್ಲಿ ಚೇಗು ಅತ್ಯಲ್ಪ. ಅದು ಬಲಿಯಲು ದಶಕಗಳೇ ಬೇಕು. ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಮರದ ವಯಸ್ಸನ್ನು ಅವಸರಿಸಲಾರದು.

ಆ ಮರವಾದರೋ ಕಾನೂನಿನ ಅಧೀನದಲ್ಲಿತ್ತು. 1792ರಲ್ಲಿ ಟಿಪ್ಪು ಸುಲ್ತಾನನು ಇದನ್ನು ರಾಜವೃಕ್ಷವೆಂದು ಘೋಷಿಸಿದನೆನ್ನಲಾಗುತ್ತದೆ. ಅನಂತರದ ಸರ್ಕಾರಗಳೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ರೈತನ ಹೊಲದಲ್ಲಿ ಬೆಳೆದ ಮರವೂ ಸರ್ಕಾರದ್ದೇ. ಕಾಯುವ ಹೊರೆ ತನಗೆ, ಒಡೆತನ ಪರರಿಗೆ ಎಂದಾದಾಗ, ಹುಟ್ಟಿದ ಸಸಿಯನ್ನು ಮೊಳಕೆಯಲ್ಲಿಯೇ ಕಿತ್ತುಹಾಕುವುದು ಲೇಸೆಂದು ರೈತನಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಇದರೊಡನೆ ಕಳ್ಳಸಾಗಣೆ ಮತ್ತು ಸ್ಪೈಕ್ ರೋಗವೂ ಸೇರಿದವು. ಕಾರ್ಖಾನೆಗೆ ಕಚ್ಚಾ ಮಾಲನ್ನು ಕಾದಿರಿಸಿದ್ದ ಏಕಸ್ವಾಮ್ಯವೇ ಆ ಮಾಲಿನ ಅಭಾವಕ್ಕೂ ದಾರಿಮಾಡಿತು.

2001ರ ಅರಣ್ಯ ಕಾಯಿದೆಯ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಭೂಮಾಲೀಕನೇ ತನ್ನ ಗಂಧದ ಮರದ ಒಡೆಯನಾದನು. ಆ ಹೊತ್ತಿಗೆ ಇದೇ ಜಾತಿಯ ಮರವನ್ನು ಪಶ್ಚಿಮ ಆಸ್ಟ್ರೇಲಿಯದ ಕುನುನುರಾ ಪ್ರದೇಶದಲ್ಲಿ ನೀರಾವರಿ ತೋಟಗಳಲ್ಲಿ ಬೆಳೆಸತೊಡಗಿದ್ದರು. ಇಲ್ಲಿ ತಿದ್ದುಪಡಿಯ ಅನಂತರ ನೆಟ್ಟ ಮರಗಳಿಗೂ ಕಡಿಯಲು, ಸಾಗಿಸಲು ಅನುಮತಿ ಬೇಕು. ಕಳ್ಳರಿಂದ ಕಾಯುವ ವೆಚ್ಚವಂತೂ ಬೆಳೆಗಾರನಿಗೆ ತಪ್ಪಿದ್ದಲ್ಲ. ಇತ್ತ ಅಗರಬತ್ತಿ ತಯಾರಕರಲ್ಲಿ ಅನೇಕರು ಕೃತಕ ಗಂಧದ ಪರಿಮಳಕ್ಕೆ ಹೊರಳಿದ್ದಾರೆ. ಕೊಳ್ಳುವವರ ಮೂಗೂ ಅದಕ್ಕೇ ಒಗ್ಗಿದೆ.